ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಲ್ಯಾಪ್‌ಟಾಪಿನಲ್ಲಿ ಗೇಮ್ ಆಡುತ್ತಾ ಅದನ್ನೇ ಯೂಟ್ಯೂಬಿಗೋ ಟ್ವಿಚ್‌ಗೋ ಲೈವ್ ಬಿಡುವವರ ಬಾಯಲ್ಲಿ ಪದೇಪದೇ ಬರುವ ದೂರು ಒಂದೇ: ‘ಲ್ಯಾಗ್ ಆಗ್ತಾ ಇದೆ.’ ನೋಡುವವರೂ ಚಾಟಿನಲ್ಲಿ ಅದನ್ನೇ ಬರೆಯುತ್ತಾರೆ: ‘ಬ್ರೋ, ಲ್ಯಾಗ್.’ ಚಿತ್ರ ತಡವರಿಸಿದರೂ ಲ್ಯಾಗ್, ನಿಂತೇಹೋದರೂ ಲ್ಯಾಗ್, ಚೌಕ ಚೌಕವಾಗಿ ಒಡೆದರೂ ಲ್ಯಾಗ್, ಮಾತು ಮುಂದೆ ಹೋಗಿ ತುಟಿ ಹಿಂದೆ ಉಳಿದರೂ ಲ್ಯಾಗ್. ಜ್ವರಕ್ಕೂ ಕೆಮ್ಮಿಗೂ ಮುರಿದ ಕಾಲಿಗೂ ‘ಮೈ ಸರಿಯಿಲ್ಲ’ ಎಂದಷ್ಟೇ ಹೇಳಿದರೆ ವೈದ್ಯರು ಯಾವ ಮದ್ದು ಬರೆದಾರು? ಆದರೆ ಸ್ಟ್ರೀಮಿಂಗ್ ಲೋಕದಲ್ಲಿ ಮದ್ದು ಬರೆಯುವವರು ತಡಮಾಡುವುದಿಲ್ಲ. ‘ಗ್ರಾಫಿಕ್ಸ್ ಕಮ್ಮಿ ಮಾಡು’, ‘ನೆಟ್ ಬದಲಾಯಿಸು’, ‘ಹೊಸ ಲ್ಯಾಪ್‌ಟಾಪ್ ತಗೋ’. ಒಂದೊಂದು ಸಂದರ್ಭದಲ್ಲಿ ಮೂರೂ ಸರಿಯಾದ ಸಲಹೆಗಳೇ. ಸಂದರ್ಭ ತಪ್ಪಿದರೆ ಮಾತ್ರ ಎತ್ತಿಗೆ ಜ್ವರ ಬಂತೆಂದು ಎಮ್ಮೆಗೆ ಬರೆ ಎಳೆದ ಹಾಗೆ.

ಆ ಬರೆಯ ಬೆಲೆ ಸಣ್ಣದಲ್ಲ. ಪುಣೆಯ ಪೀಜಿಯಲ್ಲೋ ಹೈದರಾಬಾದಿನ ಬಾಡಿಗೆ ಮನೆಯಲ್ಲೋ ಕುಳಿತು ಕನ್ನಡದಲ್ಲಿ ಮಾತಾಡುತ್ತಾ ವ್ಯಾಲರಂಟ್ ಆಡುವ ಹುಡುಗನಿಗೋ ಹುಡುಗಿಗೋ ಎಷ್ಟೋ ಸಲ ಇರುವುದು ಒಂದೇ ಲ್ಯಾಪ್‌ಟಾಪು. ಹಗಲು ಕಾಲೇಜಿನ ಪ್ರಾಜೆಕ್ಟಿಗೆ ಅಥವಾ ಆಫೀಸಿಗೆ, ರಾತ್ರಿ ಆಟಕ್ಕೆ. ವರ್ಷಕ್ಕೊಮ್ಮೆ ಕೋಣೆ ಬದಲಿಸುವವರು ಡೆಸ್ಕ್‌ಟಾಪ್ ಹೊತ್ತು ತಿರುಗಲಾರರು. ಅಂಥವರು ವೈಫೈ ತೊಂದರೆಯನ್ನು ಗ್ರಾಫಿಕ್ಸ್ ತೊಂದರೆ ಎಂದುಕೊಂಡು ಇಡೀ ಲ್ಯಾಪ್‌ಟಾಪನ್ನೇ ಬದಲಿಸಿದರೆ, ಮನೆಯವರಿಂದ ಪಡೆದ ಅಥವಾ ಇಎಂಐ ಮೇಲೆ ಎತ್ತಿದ ಹಣ ಹೋಗುತ್ತದೆ, ತೊಂದರೆ ಹೊಸ ಲ್ಯಾಪ್‌ಟಾಪಿಗೂ ಬಂದು ಕೂರುತ್ತದೆ. ಒಂದಷ್ಟು ದಿನ ಒದ್ದಾಡಿ ಚಾನೆಲ್ಲನ್ನೇ ಕೈಬಿಟ್ಟರೆ, ಊರಾಚೆ ಕನ್ನಡ ಕೇಳಿಸುತ್ತಿದ್ದ ಒಂದು ಮೂಲೆಯೂ ಮುಚ್ಚುತ್ತದೆ.

ಫ್ರೇಮ್ ಬೀಳುವುದನ್ನು ಸರಿಪಡಿಸುವ ಕೆಲಸದ ಬಹುಪಾಲು ಅಂಗಡಿಗೆ ಹೋಗದೆ ಆಗುವಂಥದ್ದು. ಮೊದಲು ಫ್ರೇಮ್ ಎಲ್ಲಿ ಬಿತ್ತು ಎಂದು ಗುರುತಿಸಬೇಕು. ಗುರುತಿಸಿದ ಮೇಲೆ, ಆ ಲ್ಯಾಪ್‌ಟಾಪ್ ಎಷ್ಟು ಕೊಡಬಲ್ಲದೋ ಅಷ್ಟನ್ನೇ ಅದರಿಂದ ಕೇಳಬೇಕು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ.

ಒಂದು ಫ್ರೇಮಿನ ಪ್ರಯಾಣವನ್ನು ನೋಡಿ. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದೊಂದಕ್ಕೆ ಸಿಗುವ ಸಮಯ 16.67 ಮಿಲಿಸೆಕೆಂಡ್. ಅಷ್ಟರೊಳಗೆ ಪ್ರೊಸೆಸರ್ ಆಟದ ಲೆಕ್ಕ ಮುಗಿಸಬೇಕು, ಗ್ರಾಫಿಕ್ಸ್ ಚಿಪ್ ಚಿತ್ರ ಬರೆಯಬೇಕು. ಬಳಿಕ ಸ್ಟ್ರೀಮಿಂಗ್ ತಂತ್ರಾಂಶ ಆ ಚಿತ್ರದ ನಕಲು ತೆಗೆದುಕೊಂಡು, ಅದರ ಮೇಲೆ ವೆಬ್‌ಕ್ಯಾಮಿನ ಮುಖ, ಚಾಟ್, ಹೆಸರಿನ ಪಟ್ಟಿ ಎಲ್ಲವನ್ನೂ ಜೋಡಿಸುತ್ತದೆ. ಆಮೇಲೆ ಎನ್‌ಕೋಡರ್ ಆ ಚಿತ್ರವನ್ನು ಹಿಂಡಿ ಚಿಕ್ಕ ಮೂಟೆ ಕಟ್ಟುತ್ತದೆ. ಎಷ್ಟು ಚಿಕ್ಕದು? 1080ಪಿ ಚಿತ್ರವೊಂದರಲ್ಲಿ 20,73,600 ಚುಕ್ಕಿಗಳಿರುತ್ತವೆ. ಚುಕ್ಕಿಗೆ 3 ಬೈಟಿನಂತೆ ಸೆಕೆಂಡಿಗೆ 60 ಚಿತ್ರಗಳನ್ನು ಹಿಂಡದೆ ಕಳಿಸಿದರೆ ಸುಮಾರು 3 ಗಿಗಾಬಿಟ್ ವೇಗ ಬೇಕು. ಟ್ವಿಚ್ ಬಹುಕಾಲದಿಂದ 1080ಪಿ 60ಕ್ಕೆ ಸೂಚಿಸುತ್ತಾ ಬಂದಿರುವುದು 6000 ಕೆಬಿಪಿಎಸ್, ಅಂದರೆ 6 ಮೆಗಾಬಿಟ್. ಐನೂರು ಪಾಲಿನಲ್ಲಿ ಒಂದು ಪಾಲಿಗೆ ಇಳಿಸಿದಂತಾಯಿತು. ಕೊನೆಗೆ ಆ ಮೂಟೆ ರೂಟರ್, ಕೇಬಲ್, ಸರ್ವರ್ ದಾಟಿ ನೋಡುವವರನ್ನು ಮುಟ್ಟಬೇಕು.

ಹೀಗಾಗಿ ಬೀಳುವ ಫ್ರೇಮುಗಳಲ್ಲಿ ಮೂರು ಜಾತಿ: ಹುಟ್ಟದ ಫ್ರೇಮ್, ಕಟ್ಟದ ಫ್ರೇಮ್, ಮುಟ್ಟದ ಫ್ರೇಮ್. ಸ್ಟ್ರೀಮರುಗಳು ಹೆಚ್ಚಾಗಿ ಬಳಸುವ ಉಚಿತ ತಂತ್ರಾಂಶ ಒಬಿಎಸ್ ಸ್ಟುಡಿಯೋ ಈ ಮೂರನ್ನೂ ಬೇರೆಬೇರೆಯಾಗಿಯೇ ಎಣಿಸಿ ತೋರಿಸುತ್ತದೆ. ಅದರ ‘ಸ್ಟ್ಯಾಟ್ಸ್’ ಕಿಟಕಿ ತೆರೆದರೆ ರೆಂಡರಿಂಗ್ ಲ್ಯಾಗಿನಿಂದ ತಪ್ಪಿದವು ಎಷ್ಟು, ಎನ್‌ಕೋಡಿಂಗ್ ಲ್ಯಾಗಿನಿಂದ ಬಿಟ್ಟವು ಎಷ್ಟು, ನೆಟ್‌ವರ್ಕಿನಲ್ಲಿ ಬಿದ್ದವು ಎಷ್ಟು ಎಂದು ಸಾಲಾಗಿ ಕಾಣುತ್ತದೆ. ಇಡೀ ಸಮಸ್ಯೆಯ ಕೀಲಿಕೈ ಎಲ್ಲರ ಲ್ಯಾಪ್‌ಟಾಪಿನಲ್ಲೂ ಪುಕ್ಕಟೆಯಾಗಿ ಬಿದ್ದಿದೆ. ಆದರೂ ಅದನ್ನು ತೆರೆದು ನೋಡುವ ಮೊದಲೇ ಖರೀದಿಯ ಮಾತು ಶುರುವಾಗುತ್ತದೆ.

ಹುಟ್ಟದ ಫ್ರೇಮಿನಲ್ಲಿ ಎರಡು ಬಗೆ. ಆಡುವವರ ಪರದೆಯಲ್ಲೇ ಆಟ ಎಡವುತ್ತಿದ್ದರೆ ತೊಂದರೆ ಆಟದ್ದು. ಇದನ್ನು ಒಬಿಎಸ್‌ನ ಪಟ್ಟಿ ತೋರಿಸುವುದಿಲ್ಲ. ಹೊಸ ಚಿತ್ರ ಬಾರದಿದ್ದರೆ ಅದು ಹಳೆಯದನ್ನೇ ಮತ್ತೆ ಕಳಿಸುತ್ತದೆ, ಅದರ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ಅದಕ್ಕೆ ಆಟದೊಳಗಿನ ಎಫ್‌ಪಿಎಸ್ ಅಂಕಿಯನ್ನು ನೋಡಬೇಕು. ಇನ್ನೊಂದು ಬಗೆಯಲ್ಲಿ ಆಡುವವರಿಗೆ ಎಲ್ಲವೂ ನುಣುಪಾಗಿ ಕಾಣುತ್ತದೆ, ನೋಡುವವರಿಗೆ ಮಾತ್ರ ಚಿತ್ರ ಕುಕ್ಕುತ್ತದೆ. ಗ್ರಾಫಿಕ್ಸ್ ಚಿಪ್ಪನ್ನು ಆಟವೇ ಪೂರ್ತಿ ನುಂಗಿ, ಚಿತ್ರ ಜೋಡಿಸಲು ಒಬಿಎಸ್‌ಗೆ ಜಾಗವೇ ಉಳಿಯದಿದ್ದಾಗ ಹೀಗಾಗುತ್ತದೆ. ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ 144 ಹರ್ಟ್ಸ್ ಪರದೆ ಸಾಮಾನ್ಯ. ಆಟಕ್ಕೆ ಲಗಾಮು ಹಾಕದಿದ್ದರೆ ಅದು ಚಿಪ್ಪಿಗೆ ಎಷ್ಟು ಸಾಧ್ಯವೋ ಅಷ್ಟೂ ಫ್ರೇಮ್ ಬರೆಯುತ್ತಲೇ ಇರುತ್ತದೆ, ನೋಡುವವರಿಗೆ ಹೋಗುವುದು ಮಾತ್ರ 60 ಅಥವಾ 30. ಸೆಟ್ಟಿಂಗ್ಸಿನಲ್ಲಿ ಆಟದ ಎಫ್‌ಪಿಎಸ್‌ಗೆ ಒಂದು ಮಿತಿ ಇಟ್ಟು, ನೆರಳು, ಪ್ರತಿಬಿಂಬಗಳಂಥ ದುಬಾರಿ ಅಲಂಕಾರ ಇಳಿಸಿ, ವಿಂಡೋಸಿನಲ್ಲಿ ಒಬಿಎಸ್ಸನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಚಿಪ್ಪಿನ ಸರದಿಯಲ್ಲಿ ಒಬಿಎಸ್‌ಗೆ ಆದ್ಯತೆ ಸಿಗುತ್ತದೆ. ಇದಕ್ಕೆ ಖರ್ಚು ಸೊನ್ನೆ.

ಕಟ್ಟದ ಫ್ರೇಮಿನ ಕಥೆ ಬೇರೆ. ಮೂಟೆ ಕಟ್ಟುವ ಕೆಲಸವನ್ನು ಎಕ್ಸ್264 ಎಂಬ ತಂತ್ರಾಂಶಕ್ಕೆ ಕೊಟ್ಟರೆ ಅದು ಪ್ರೊಸೆಸರಿನ ಮೇಲೆ ಓಡುತ್ತದೆ. ಅದೇ ಪ್ರೊಸೆಸರನ್ನು ಆಟವೂ ಕೇಳುತ್ತಿರುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಾಗಿ ಎರಡೂ ಕೆಡುತ್ತವೆ. ಆದರೆ ಇಂದಿನ ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಈ ಕೆಲಸಕ್ಕೆಂದೇ ಚಿಪ್ಪಿನೊಳಗೆ ಒಂದು ಪ್ರತ್ಯೇಕ ಮೂಲೆ ಇರುತ್ತದೆ. ಇಂಟೆಲ್ ಇದನ್ನು ಕ್ವಿಕ್ ಸಿಂಕ್ ಎಂಬ ಹೆಸರಿನಲ್ಲಿ 2011ರಲ್ಲೇ ತಂದಿತು. ಎನ್‌ವಿಡಿಯಾದ ಎನ್‌ವೆಂಕ್ 2012ರಲ್ಲಿ ಬಂತು. ಎಎಮ್‌ಡಿ ಚಿಪ್ಪುಗಳಲ್ಲೂ ಅಂಥದ್ದೇ ವ್ಯವಸ್ಥೆ ಇದೆ. ಮೊದಮೊದಲು ಇವು ಕಟ್ಟಿದ ಚಿತ್ರ ಎಕ್ಸ್264 ಕಟ್ಟಿದ್ದಕ್ಕಿಂತ ಮಸುಕಾಗಿರುತ್ತಿತ್ತು ನಿಜ. 2018ರ ಟ್ಯೂರಿಂಗ್ ಪೀಳಿಗೆಯ ಬಳಿಕ ಎನ್‌ವೆಂಕ್ ಬಗ್ಗೆ ಆ ದೂರು ಹೆಚ್ಚಿನಮಟ್ಟಿಗೆ ಹಳೆಯದಾಯಿತು. ಆದರೂ ‘ಒಳ್ಳೆ ಕ್ವಾಲಿಟಿ ಬೇಕಾದರೆ ಪ್ರೊಸೆಸರಿನಲ್ಲೇ ಎನ್‌ಕೋಡ್ ಮಾಡು’ ಎಂಬ ಹಳೆಯ ಉಪದೇಶ ಇನ್ನೂ ಕೈಯಿಂದ ಕೈಗೆ ದಾಟುತ್ತಿದೆ. ಎರಡು ಕಂಪ್ಯೂಟರ್ ಇಟ್ಟುಕೊಂಡು ಒಂದರಲ್ಲಿ ಆಡಿ ಇನ್ನೊಂದರಲ್ಲಿ ಪ್ರಸಾರ ಮಾಡುವವರಿಗೆ ಆ ಮಾತು ಒಪ್ಪೀತು. ಒಂದೇ ಲ್ಯಾಪ್‌ಟಾಪಿನ ಬಡಪಾಯಿಗೆ ಅದು ಮುಳುವು. ಒಬಿಎಸ್‌ನ ಔಟ್‌ಪುಟ್ ಪುಟದಲ್ಲಿ ಎನ್‌ಕೋಡರಿನ ಹೆಸರು ಬದಲಿಸಲು ಅರ್ಧ ನಿಮಿಷ ಸಾಕು.

ಮುಟ್ಟದ ಫ್ರೇಮಿಗೂ ಲ್ಯಾಪ್‌ಟಾಪಿನ ಶಕ್ತಿಗೂ ಸಂಬಂಧವೇ ಇಲ್ಲ. ಮೂಟೆ ಕಟ್ಟಿ ಮುಗಿದಿದೆ, ದಾರಿ ಕಿಕ್ಕಿರಿದಿದೆ. ಇದಕ್ಕೆ ಆಟದ ಗ್ರಾಫಿಕ್ಸ್ ಇಳಿಸುವುದೆಂದರೆ ರಸ್ತೆಯಲ್ಲಿ ಟ್ರಾಫಿಕ್ ಜಾಮ್ ಆದಾಗ ಕಾರಿನ ಬಣ್ಣ ಬದಲಿಸಿದ ಹಾಗೆ. ಇಂಟರ್ನೆಟ್ ಪ್ಲಾನಿನ ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ಅಂಕಿ ಸಾಮಾನ್ಯವಾಗಿ ಡೌನ್‌ಲೋಡ್ ವೇಗದ್ದು, ಸ್ಟ್ರೀಮಿಗೆ ಬೇಕಾದ್ದು ಅಪ್‌ಲೋಡ್. ಅದೂ ಮಧ್ಯಾಹ್ನ 3 ಗಂಟೆಯ ವೇಗವನ್ನು ನಂಬುವಂತಿಲ್ಲ, ಪೀಜಿಯ ಎಲ್ಲರೂ ಕ್ರಿಕೆಟ್ ನೋಡುತ್ತಿರುವ ರಾತ್ರಿ 9 ಗಂಟೆಯ ವೇಗ ತಿಳಿದಿರಬೇಕು. ಆ ಹೊತ್ತಿನಲ್ಲಿ ನಾಲ್ಕೈದು ದಿನ ಅಳೆದು, ಬಂದದ್ದರಲ್ಲಿ ಕನಿಷ್ಠ ಅಂಕಿಯ ಮೂರನೇ ಎರಡು ಪಾಲಿಗಿಂತ ಬಿಟ್‌ರೇಟ್ ಮೇಲೇರದಂತೆ ಇಟ್ಟುಕೊಳ್ಳುವುದು ಕ್ಷೇಮ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಸಾಧ್ಯವಾದರೆ ರೂಟರಿನಿಂದ ಲ್ಯಾನ್ ಕೇಬಲ್ ಎಳೆಯಬೇಕು. ಆಗದಿದ್ದರೆ ಅಕ್ಕಪಕ್ಕದ ಮನೆಗಳ ಸಿಗ್ನಲ್ ತುಂಬಿಕೊಂಡಿರುವ 2.4 ಗಿಗಾಹರ್ಟ್ಸ್ ವೈಫೈ ಬಿಟ್ಟು 5 ಗಿಗಾಹರ್ಟ್ಸಿನದಕ್ಕೆ ಹೋಗಬೇಕು. ಲ್ಯಾಪ್‌ಟಾಪಿನಲ್ಲಿ ಲ್ಯಾನ್ ಕಿಂಡಿಯೇ ಇಲ್ಲದಿದ್ದರೆ ಯುಎಸ್‌ಬಿಗೆ ಚುಚ್ಚುವ ಅಡಾಪ್ಟರ್ ಸಿಗುತ್ತದೆ. ಹೊಸ ಗ್ರಾಫಿಕ್ಸ್ ಚಿಪ್ಪಿನ ಬೆಲೆಯ ಮುಂದೆ ಅದರ ಬೆಲೆ ಲೆಕ್ಕಕ್ಕಿಲ್ಲ.

ಈ ಮೂರೂ ಸಾಲಿನಲ್ಲಿ ಸೊನ್ನೆ ಇದ್ದು, ಆಟವೂ ನುಣುಪಾಗಿದ್ದು, ಚಾಟಿನಲ್ಲಿ ಯಾರೋ ಒಬ್ಬರು ‘ಲ್ಯಾಗ್’ ಎಂದರೆ? ತೊಂದರೆ ಆ ಒಬ್ಬರ ಫೋನಿನದೋ ನೆಟ್ಟಿನದೋ ಆಗಿರುವ ಸಾಧ್ಯತೆಯೇ ಹೆಚ್ಚು. ಅದಕ್ಕಾಗಿ ಲೈವ್ ನಿಲ್ಲಿಸಿ ಸೆಟ್ಟಿಂಗ್ಸ್ ಕೆದಕುವುದು ಉಳಿದ ನೋಡುಗರಿಗೆ ಮಾಡುವ ಅನ್ಯಾಯ.

ಇಷ್ಟೂ ಡೆಸ್ಕ್‌ಟಾಪಿಗೂ ಹೊಂದುವ ಮಾತು. ಲ್ಯಾಪ್‌ಟಾಪಿಗೆ ಅದರದ್ದೇ ಆದ ಒಂದು ಕಷ್ಟವಿದೆ: ಬಿಸಿ. ತೆಳ್ಳಗಿನ ಪೆಟ್ಟಿಗೆಯೊಳಗೆ ಪ್ರೊಸೆಸರೂ ಗ್ರಾಫಿಕ್ಸ್ ಚಿಪ್ಪೂ ಹಲವು ಸಲ ಒಂದೇ ತಾಮ್ರದ ಕೊಳವೆಗಳಿಗೆ ತಮ್ಮ ಶಾಖ ದಾಟಿಸುತ್ತಿರುತ್ತವೆ. ಚಿಪ್ಪಿನ ಒಳಗಿನ ಬಿಸಿ ಸುಮಾರು 95ರಿಂದ 105 ಡಿಗ್ರಿಯ ಮಿತಿ ಮುಟ್ಟಿದಾಗ ಅದು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಫ್ಯಾನ್ ಎಷ್ಟೇ ಅಬ್ಬರಿಸಿದರೂ ಒಳಗೆ ಎಳೆದುಕೊಳ್ಳುವುದು ಕೋಣೆಯ ಗಾಳಿಯನ್ನೇ. ಮೇ ತಿಂಗಳ ದೆಹಲಿಯಲ್ಲೋ ಹೈದರಾಬಾದಿನಲ್ಲೋ ಏಸಿ ಇಲ್ಲದ ಮಹಡಿ ಕೋಣೆಯ ಗಾಳಿ 40 ಡಿಗ್ರಿ ಇದ್ದರೆ, ಡಿಸೆಂಬರಿನ 25 ಡಿಗ್ರಿಗೆ ಹೋಲಿಸಿದಾಗ ಅದೇ ಲ್ಯಾಪ್‌ಟಾಪ್ 15 ಡಿಗ್ರಿಯಷ್ಟು ಹಿನ್ನಡೆಯಲ್ಲೇ ಓಟ ಶುರುಮಾಡುತ್ತದೆ. ತಂಪು ದೇಶದ ಕೋಣೆಯಲ್ಲಿ ಕುಳಿತು ಯಾರೋ ವಿಡಿಯೋದಲ್ಲಿ ತೋರಿಸಿದ ಸೆಟ್ಟಿಂಗ್ಸ್ ಇಲ್ಲಿ ಹಾಗೆಯೇ ಓಡದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಆದ್ದರಿಂದ ಫ್ರೇಮ್ ಯಾವಾಗ ಬೀಳುತ್ತದೆ ಎಂಬುದೂ ಒಂದು ಸುಳಿವು. ಮೊದಲ ಕಾಲು ಗಂಟೆ ಚೆನ್ನಾಗಿದ್ದು ಆಮೇಲೆ ಕುಸಿದರೆ ಬಿಸಿಯನ್ನು ಶಂಕಿಸಬೇಕು. ದಿನವೂ ರಾತ್ರಿ ಒಂದೇ ಹೊತ್ತಿಗೆ ಕೆಟ್ಟರೆ ನೆಟ್ಟನ್ನು. ಹೊಗೆ, ಸ್ಫೋಟ, ಗುಂಪು ಕಾಳಗ ಬಂದಾಗಲೇ ಎಡವಿದರೆ ಗ್ರಾಫಿಕ್ಸ್ ಚಿಪ್ಪನ್ನು. ಚಾರ್ಜರ್ ಕಿತ್ತ ಕ್ಷಣವೇ ಬಿದ್ದರೆ ಕರೆಂಟನ್ನು, ಏಕೆಂದರೆ ಬ್ಯಾಟರಿಯ ಮೇಲಿರುವ ಗೇಮಿಂಗ್ ಲ್ಯಾಪ್‌ಟಾಪ್ ತನ್ನ ಚಿಪ್ಪುಗಳಿಗೆ ಪೂರ್ತಿ ವಿದ್ಯುತ್ ಕೊಡುವುದಿಲ್ಲ. ಕಡಿಮೆ ವಾಟಿನ ಬದಲಿ ಚಾರ್ಜರ್ ಚುಚ್ಚಿದರೂ ಅದೇ ಗತಿ ಆಗಬಹುದು. ಹಾಸಿಗೆಯ ಮೇಲಿನಿಂದ ಎತ್ತಿ ಗಟ್ಟಿ ಮೇಜಿನ ಮೇಲಿಡುವುದು, ಹಿಂಬದಿಗೆ ಎರಡು ಪುಸ್ತಕ ಕೊಟ್ಟು ಗಾಳಿಗೆ ಜಾಗ ಬಿಡುವುದು, ವರ್ಷಕ್ಕೊಮ್ಮೆ ಫ್ಯಾನಿನ ಧೂಳು ತೆಗೆಸುವುದು: ಇವು ಅಜ್ಜಿ ಮದ್ದಿನಂತೆ ಕಂಡರೂ ಶಾಖದ ಲೆಕ್ಕದಲ್ಲಿ ಇವಕ್ಕೆ ನಿಜವಾದ ಬೆಲೆಯಿದೆ. ಆಟದ ಎಫ್‌ಪಿಎಸ್‌ಗೆ ಹಾಕಿದ ಮಿತಿ ಇಲ್ಲಿ ಮತ್ತೊಮ್ಮೆ ಕೈಹಿಡಿಯುತ್ತದೆ. ಕೆಲಸ ಕಡಿಮೆಯಾದರೆ ಬಿಸಿಯೂ ಕಡಿಮೆ.

ಲ್ಯಾಪ್‌ಟಾಪಿನ ಇನ್ನೊಂದು ಗುಟ್ಟು, ಅದರಲ್ಲಿ ಎರಡೆರಡು ಗ್ರಾಫಿಕ್ಸ್ ಇರುವುದು. ಪ್ರೊಸೆಸರಿನೊಳಗೆ ಒಂದು ಚಿಕ್ಕದು, ಹೊರಗೆ ಒಂದು ದೊಡ್ಡದು. ಹಲವು ಲ್ಯಾಪ್‌ಟಾಪುಗಳಲ್ಲಿ ಪರದೆ ಜೋಡಣೆಯಾಗಿರುವುದು ಚಿಕ್ಕದಕ್ಕೆ. ಆಟ ದೊಡ್ಡದರಲ್ಲಿ, ಒಬಿಎಸ್ ಚಿಕ್ಕದರಲ್ಲಿ ಓಡಿದರೆ ‘ಗೇಮ್ ಕ್ಯಾಪ್ಚರ್’ ಕಪ್ಪು ಚೌಕ ತೋರಿಸಬಹುದು, ಇಲ್ಲವೇ ಒಂದೊಂದು ಚಿತ್ರವನ್ನೂ ಒಂದರಿಂದ ಇನ್ನೊಂದಕ್ಕೆ ಹೊತ್ತು ಹಾಕುವುದರಲ್ಲೇ ಸಮಯ ಕಳೆಯುತ್ತದೆ. ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗ್ಸಿನೊಳಗಿನ ‘ಗ್ರಾಫಿಕ್ಸ್’ ಪುಟದಲ್ಲಿ ಎರಡನ್ನೂ ಒಂದೇ ಚಿಪ್ಪಿಗೆ ಹಚ್ಚಬಹುದು.

ಇಷ್ಟೆಲ್ಲ ಮಾಡಿಯೂ ಸಾಲದಿದ್ದರೆ? ಆಗ ಬರುವುದೇ ಕಷ್ಟದ ಭಾಗ, ಕಡಿಮೆ ಕೇಳುವುದು. 720ಪಿ ಚಿತ್ರದಲ್ಲಿ 9,21,600 ಚುಕ್ಕಿಗಳು. ಅದನ್ನು ಸೆಕೆಂಡಿಗೆ 30ರಂತೆ ಕಳಿಸಿದರೆ 1080ಪಿ 60ಕ್ಕೆ ಬೇಕಾಗುವ ಚುಕ್ಕಿಗಳ ನಾಲ್ಕೂವರೆಯಲ್ಲಿ ಒಂದು ಪಾಲು ಸಾಕು. ಟ್ವಿಚ್ ಇದಕ್ಕೆ ಸೂಚಿಸುವ ಬಿಟ್‌ರೇಟೂ 3000, ಅಂದರೆ ಅರ್ಧ. ಆದರೂ ಸ್ಟ್ರೀಮರುಗಳಿಗೆ 720 ಎಂದರೆ ಅವಮಾನ. ದೊಡ್ಡ ಚಾನೆಲ್ಲುಗಳೆಲ್ಲ 1080ಪಿ 60ರಲ್ಲಿರುವಾಗ 720 ಕೊಟ್ಟರೆ ಯಾರು ನಿಲ್ಲುತ್ತಾರೆ ಎಂಬ ಅಳುಕು.

ಈ ಅಳುಕಿನಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವಂತಿಲ್ಲ. ಕೌಂಟರ್‌ಸ್ಟ್ರೈಕಿನಂಥ ವೇಗದ ಶೂಟರ್ ಆಟದಲ್ಲಿ 30 ಫ್ರೇಮಿನ ಪ್ರಸಾರ ಕಣ್ಣಿಗೆ ಒರಟಾಗಿ ಕಾಣುತ್ತದೆ. ಅಲ್ಲಿ ಚಿತ್ರದ ಗಾತ್ರ ಇಳಿಸಿ ಫ್ರೇಮ್ ಉಳಿಸಿಕೊಳ್ಳುವುದು, ಅಂದರೆ 720ಪಿ 60, ಜಾಣತನ. ಕಥೆ ಪ್ರಧಾನವಾದ ನಿಧಾನದ ಆಟದಲ್ಲಿ ಅದನ್ನೇ ತಿರುಗಿಸಿ ಫ್ರೇಮ್ ಇಳಿಸಿ ಗಾತ್ರ ಉಳಿಸಬಹುದು. ಎರಡನ್ನೂ ಹಿಡಿದುಕೊಳ್ಳಲು ಹೋಗಿ ಎರಡನ್ನೂ ಕಳೆದುಕೊಳ್ಳುವುದೇ ಸಾಮಾನ್ಯವಾಗಿ ನಡೆಯುವ ತಪ್ಪು. ಕಣ್ಣಿಗೆ ಚುಚ್ಚುವುದು ಏರುಪೇರು. ಸಿನಿಮಾ ಸೆಕೆಂಡಿಗೆ 24 ಫ್ರೇಮಿನಲ್ಲೇ ದಶಕಗಳಿಂದ ಜನರನ್ನು ಕೂರಿಸಿಕೊಂಡಿದೆ, ಏಕೆಂದರೆ ಆ 24 ಸಮವಾಗಿ ಬರುತ್ತವೆ. 60ರ ಪ್ರಸಾರದಲ್ಲಿ ಒಂದೇ ಚಿತ್ರ 100 ಮಿಲಿಸೆಕೆಂಡ್ ನಿಂತರೆ ಆರು ಫ್ರೇಮುಗಳ ಜಾಗ ಖಾಲಿ ಹೋದಂತೆ. ಸರಾಸರಿ ಅಂಕಿ 55 ಎಂದು ಹೊಗಳಿದರೂ ಕಣ್ಣು ಆ ಹಳ್ಳಕ್ಕೆ ಬಿದ್ದೇ ಬೀಳುತ್ತದೆ.

ನೋಡುವವರ ಕಡೆಯಿಂದಲೂ ಯೋಚಿಸಬೇಕು. 6000 ಕೆಬಿಪಿಎಸ್ ಪ್ರಸಾರವನ್ನು ಪೂರ್ತಿ ಗುಣಮಟ್ಟದಲ್ಲಿ ಒಂದು ಗಂಟೆ ನೋಡಿದರೆ ಸುಮಾರು 2.7 ಜಿಬಿ ಖರ್ಚು. ಯೂಟ್ಯೂಬ್ ಅದನ್ನು ತಾನೇ ಚಿಕ್ಕದು ಮಾಡಿ ಬೇರೆಬೇರೆ ಅಳತೆಯಲ್ಲಿ ಕೊಡುತ್ತದೆ, ಸರಿ. ಟ್ವಿಚ್‌ನಲ್ಲಿ ಚಿಕ್ಕ ಚಾನೆಲ್ಲುಗಳಿಗೆ ಆ ಸೌಲಭ್ಯ ಸದಾ ಸಿಗುವ ಖಾತರಿ ಇರಲಿಲ್ಲ. ಸಿಗದ ಹೊತ್ತಿನಲ್ಲಿ ಲೋಕಲ್ ರೈಲಿನಲ್ಲಿ ನಿಂತು ಫೋನಿನಲ್ಲಿ ನೋಡುವ ಮುಂಬೈನ ನೋಡುಗರು ಒಂದೋ ಆ ಭಾರವನ್ನು ಪೂರ್ತಿ ಹೊರಬೇಕು, ಇಲ್ಲವೇ ಬಿಟ್ಟುಹೋಗಬೇಕು. ಅಂಗೈಯಗಲದ ಪರದೆಯಲ್ಲಿ 720ಕ್ಕೂ 1080ಕ್ಕೂ ಇರುವ ಅಂತರವನ್ನು ಗುರುತಿಸಲು ಕಣ್ಣು ಕಿರಿದು ಮಾಡಬೇಕಾಗುತ್ತದೆ. ಎಡವುವ ಚಿತ್ರ ಮಾತ್ರ ಎಂಥ ಪರದೆಯಲ್ಲೂ ತಕ್ಷಣ ಗೊತ್ತಾಗುತ್ತದೆ.

ಖರೀದಿಯೇ ತಪ್ಪು ಎಂದಲ್ಲ. ಕೆಲವು ಲ್ಯಾಪ್‌ಟಾಪುಗಳಿಗೆ ಆಟವೊಂದನ್ನೇ ಓಡಿಸುವುದು ಕಷ್ಟ, ಪ್ರಸಾರ ಆಮೇಲಿನ ಮಾತು. ಆದರೂ ಮೊದಲು ನೋಡಬೇಕಾದ್ದು ರ‍್ಯಾಮ್. ಎರಡು ಜಾಗವಿರುವಲ್ಲಿ ಒಂದೇ ರ‍್ಯಾಮ್ ಹಾಕಿ ಮಾರುವುದು ಸಾಮಾನ್ಯ, ಇನ್ನೊಂದು ಸೇರಿಸಿದರೆ ನೆನಪಿನ ದಾರಿ ಎರಡು ಪಥವಾಗುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಇದರ ಲಾಭ ಕಣ್ಣಿಗೆ ಕಾಣುವಷ್ಟು ಇರುತ್ತದೆ. ಹೊಸದನ್ನೇ ಕೊಳ್ಳುವುದಾದರೆ ಚಿಪ್ಪಿನ ಹೆಸರಿಗೆ ಮರುಳಾಗಬಾರದು. ಲ್ಯಾಪ್‌ಟಾಪುಗಳಲ್ಲಿ ಬರುವ ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನ ಚಿಪ್ 35 ವಾಟಿನಿಂದ 115 ವಾಟಿನವರೆಗೆ ಯಾವ ಮಿತಿಯಲ್ಲೂ ಇರಬಹುದು. ಅಂಗಡಿಯ ಚೀಟಿಯಲ್ಲಿ ಹೆಸರು ದಪ್ಪಕ್ಷರದಲ್ಲಿರುತ್ತದೆ, ವಾಟ್ ಎಷ್ಟೆಂದು ಕೇಳಿ ತಿಳಿದುಕೊಳ್ಳಬೇಕು. ತೆಳ್ಳಗಿನ, ಚೆಂದದ ಲ್ಯಾಪ್‌ಟಾಪ್ ದಪ್ಪಗಿನ, ಅಗ್ಗದ ಲ್ಯಾಪ್‌ಟಾಪಿಗೆ ಸೋಲುವುದು ಹೀಗೆ.

ದಿನಚರಿಯಲ್ಲಿ ಇದನ್ನೆಲ್ಲ ರೂಢಿಸಿಕೊಳ್ಳುವುದು ಕಷ್ಟವೇನಲ್ಲ. ಲೈವ್‌ಗೆ ಮೊದಲು ಅದೇ ಆಟವನ್ನು ಅದೇ ಸೆಟ್ಟಿಂಗ್ಸಿನಲ್ಲಿ ಅರ್ಧ ಗಂಟೆ ರೆಕಾರ್ಡ್ ಮಾಡಿ ನೋಡಬೇಕು. ರೆಕಾರ್ಡಿಂಗಿನಲ್ಲಿ ನೆಟ್‌ವರ್ಕಿನ ಪಾತ್ರವಿಲ್ಲ. ಅದು ನುಣುಪಾಗಿದ್ದು ಲೈವ್ ಮಾತ್ರ ಕೆಟ್ಟರೆ ಅಪರಾಧಿ ದಾರಿಯಲ್ಲಿದ್ದಾನೆ. ರೆಕಾರ್ಡಿಂಗೂ ಕೆಟ್ಟರೆ ಅವನು ಮನೆಯೊಳಗೇ ಇದ್ದಾನೆ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಮೂರು ಸಾಲಿನ ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕು. ಹತ್ತು ಸೆಟ್ಟಿಂಗ್ ಒಟ್ಟಿಗೆ ತಿರುಗಿಸಿದವರಿಗೆ ಗುಣ ಕಂಡರೂ ಯಾವ ಮದ್ದಿನಿಂದ ಕಂಡಿತೆಂದು ತಿಳಿಯುವುದಿಲ್ಲ.

ಒಬಿಎಸ್ ಕಟ್ಟಿದವರು ಒಂದು ತೀರ್ಮಾನವನ್ನು ತಂತ್ರಾಂಶದೊಳಗೇ ಬರೆದಿಟ್ಟಿದ್ದಾರೆ. ದಾರಿ ಕಿಕ್ಕಿರಿದಾಗ ಅದು ಕೈಬಿಡುವುದು ಚಿತ್ರದ ಫ್ರೇಮುಗಳನ್ನು, ಧ್ವನಿಯನ್ನು ಉಳಿಸಿಕೊಳ್ಳುತ್ತದೆ. ಆ ಧ್ವನಿಗೆ ಅದು ಸಾಮಾನ್ಯವಾಗಿ ಎತ್ತಿಡುವುದು 160 ಕೆಬಿಪಿಎಸ್. ಚಿತ್ರದ 6000ದ ಪಕ್ಕದಲ್ಲಿ ಅದು ಚಿಲ್ಲರೆ. ಜಗತ್ತಿನ ಯಾವ ಮೂಲೆಯವರು ಆಡಿದರೂ ವ್ಯಾಲರಂಟಿನ ಚಿತ್ರ ಒಂದೇ ಬಗೆಯದು. ಚೆನ್ನೈಯಲ್ಲಿ ಕೂತವರು ರಾತ್ರಿ ಊಟದ ಹೊತ್ತಿಗೆ ಕನ್ನಡದ ಸ್ಟ್ರೀಮನ್ನೇ ಹುಡುಕಿ ಹಾಕಿಕೊಳ್ಳುವುದು ಆ 160ರೊಳಗೆ ಬರುವ ಮಾತಿಗೆ, ಬೈಗುಳಕ್ಕೆ, ನಗುವಿಗೆ. ಚಿತ್ರ 720ಕ್ಕೆ ಇಳಿದರೂ ಸಮವಾಗಿ ಓಡಿದರೆ ಅವರು ಕೂತೇ ಇರುತ್ತಾರೆ.